ಟೋಕಿಯೊದಲ್ಲಿ ಇಬ್ಬರು, ಎರಡು ಬ್ಯಾಗು

ಟೋಕಿಯೊದಲ್ಲಿ ಬೆನ್ನಿಗೆ ಬ್ಯಾಗ್ ಏರಿಸಿಕೊಂಡು ಗಂಡ ಹೆಂಡತಿ ತಿರುಗುವಾಗ ಆಗುವ ಎಡವಟ್ಟುಗಳು ಬಹುಪಾಲು ಒಂದೇ ಬಗೆಯವು. ಆ ಊರಲ್ಲಿ ಇಬ್ಬರದೂ ಬೇರೆ ಬೇರೆ ಲೆಕ್ಕ. ರೈಲಿನ ಗೇಟಿನಲ್ಲಿ ಬೇರೆ, ಸ್ನಾನದ ಮನೆಯಲ್ಲಿ ಬೇರೆ, ಮಲಗುವಷ್ಟೇ ಗೂಡು ಕೊಡುವ ಅಗ್ಗದ ಕ್ಯಾಪ್ಸೂಲ್ ಹೋಟೆಲುಗಳಲ್ಲಿ ಹೆಚ್ಚಿನ ಕಡೆ ಮಹಡಿಯೇ ಬೇರೆ. ಎಲ್ಲೆಲ್ಲಿ ಬೇರೆಯಾಗುತ್ತೇವೆ ಎಂದು ಮೊದಲೇ ಗೊತ್ತು ಮಾಡಿಕೊಂಡ ಮೇಲೆ ನಮ್ಮ ತಿರುಗಾಟ ಸಲೀಸಾಯಿತು.

ಉಳಿಯುವುದಕ್ಕೆ ಅಸಕುಸ, ಉಯೆನೊ, ಮಿನಾಮಿ-ಸೆಂಜು ಕಡೆಯ ಸಣ್ಣ ಗೆಸ್ಟ್‌ಹೌಸ್‌ಗಳನ್ನು ನೋಡಿ. ಚಾಪೆ ಹಾಸಿದ ರೂಮಿನಲ್ಲಿ ಎರಡು ಹಾಸಿಗೆ ಬಿಡಿಸಿದರೆ ಓಡಾಡಲು ಜಾಗ ಇರುವುದಿಲ್ಲ, ಹಾಗಾಗಿ ಒಬ್ಬೊಬ್ಬರಿಗೆ 40 ಲೀಟರಿನ ಬ್ಯಾಗೇ ಗರಿಷ್ಠ. ಈ ಅಳತೆಗೆ ಇನ್ನೊಂದು ಕಾರಣವೂ ಇದೆ. ಸ್ಟೇಷನ್ನಿನ ಚಿಕ್ಕ ಲಾಕರ್ ಸುಮಾರು 35 ಸೆಂ.ಮೀ. ಎತ್ತರ, 34 ಅಗಲ, 57 ಆಳ. 40 ಲೀಟರಿನದು ಅದರಲ್ಲಿ ಮಲಗುತ್ತದೆ, 60 ಲೀಟರಿನದು ಹೋಗುವುದಿಲ್ಲ. ಲಾಕರ್ ಬಾಡಿಗೆ ಬಹಳ ಕಡೆ ದಿನದ ಲೆಕ್ಕ, ಗಂಟೆಯ ಲೆಕ್ಕವಲ್ಲ. ರಾತ್ರಿ ಇಟ್ಟು ಬೆಳಿಗ್ಗೆ ತೆಗೆದರೆ ಎರಡು ದಿನದ ಹಣ ಕೊಡಬೇಕಾಗುತ್ತದೆ.

ರೈಲಿಗೆ ಸುಯಿಕಾ ಕಾರ್ಡು, ಅಂದರೆ ಮೊದಲೇ ಹಣ ತುಂಬಿಸಿಟ್ಟು ಗೇಟಿಗೆ ತಾಗಿಸುವ ಕಾರ್ಡು. ಒಂದು ಕಾರ್ಡಿನಲ್ಲಿ ಇಬ್ಬರು ಹೋಗಲು ಆಗುವುದೇ ಇಲ್ಲ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ತಾಗಿಸಬೇಕಾದ್ದರಿಂದ ಒಳಗಿರುವ ಕಾರ್ಡು ಮತ್ತೊಮ್ಮೆ ಒಳಗೆ ಬಿಡುವುದಿಲ್ಲ. ಹೊರಗೆ ಬರುವಾಗ ಸರಿಯಾಗಿ ತಾಗದಿದ್ದರೆ ಮರುದಿನ ಗೇಟು ಮುಚ್ಚಿಕೊಳ್ಳುತ್ತದೆ. ಆಗ ಪಕ್ಕದ ಸಿಬ್ಬಂದಿ ಕಿಟಕಿಗೆ ಹೋಗಿ ಕಾರ್ಡು ತೋರಿಸಿ, ಎಲ್ಲಿಂದ ಬಂದಿರೆಂದು ಹೇಳಿದರೆ ಸರಿಮಾಡಿ ಕೊಡುತ್ತಾರೆ. ಹಣ ಕಮ್ಮಿಬಿದ್ದರೆ ಗೇಟಿನ ಒಳಬದಿಯಲ್ಲೇ ಬಾಕಿ ಕಟ್ಟುವ ಯಂತ್ರ ಇರುತ್ತದೆ. ನಗದು ಇಟ್ಟುಕೊಂಡಿರಿ. ಐಫೋನಿನಲ್ಲಿ ಸುಯಿಕಾ ಹಾಕಿಕೊಳ್ಳಬಹುದು, ನಮ್ಮಲ್ಲಿ ಕೊಂಡ ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಆಗದು.

24, 48, 72 ಗಂಟೆಯ ಸಬ್‌ವೇ, ಅಂದರೆ ನೆಲದಡಿಯ ರೈಲಿನ ಪಾಸು ಒಳ್ಳೆಯದು. ಆದರೆ ಅದು ಟೋಕಿಯೊ ಮೆಟ್ರೊ ಮತ್ತು ತೊಯೆಯಿ ಸಬ್‌ವೇಯ 13 ಲೈನುಗಳಿಗೆ ಮಾತ್ರ. ಊರನ್ನು ಸುತ್ತುವ ಯಮನೊತೆ ಲೈನು ಜೆಆರ್ ಕಂಪನಿಯದು, ಅಲ್ಲಿ ಈ ಪಾಸು ನಡೆಯುವುದಿಲ್ಲ. ಗಂಟೆಯ ಲೆಕ್ಕ ಮೊದಲ ಸಲ ಬಳಸಿದಾಗಿನಿಂದ ಶುರುವಾಗುತ್ತದೆ. ಮಧ್ಯಾಹ್ನ 2ಕ್ಕೆ ಶುರು ಮಾಡಿದರೆ ಮರುದಿನ ಬೆಳಿಗ್ಗೆಯ ಓಡಾಟವೂ ಅದರಲ್ಲೇ ಆಗುತ್ತದೆ.

ಬಾಗಿಲು ಮುಚ್ಚಿ ಒಬ್ಬರು ರೈಲಿನಲ್ಲಿ, ಇನ್ನೊಬ್ಬರು ಪ್ಲಾಟ್‌ಫಾರ್ಮಿನಲ್ಲಿ ಉಳಿಯುವುದು ಇಲ್ಲಿ ತೀರ ಸಾಮಾನ್ಯ. ಅದಕ್ಕೆ ನಮ್ಮ ನಿಯಮ ಇಷ್ಟೇ: ರೈಲಿನಲ್ಲಿರುವವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ನಿಲ್ಲಬೇಕು, ಉಳಿದವರು ಹಿಂದೆ ಬರುವ ರೈಲಿಗೆ ಅದೇ ಬಾಗಿಲಿನಿಂದ ಹತ್ತಬೇಕು. ಯಮನೊತೆಯಲ್ಲಿ 11 ಬೋಗಿ, ಒಂದೊಂದಕ್ಕೆ ಒಂದು ಬದಿಗೆ 4 ಬಾಗಿಲು. ಬೋಗಿ ಮತ್ತು ಬಾಗಿಲಿನ ಸಂಖ್ಯೆಯನ್ನು ಪ್ಲಾಟ್‌ಫಾರ್ಮಿನಲ್ಲೇ ಬರೆದಿರುತ್ತಾರೆ. ಹತ್ತುವಾಗಲೇ "ಆರು, ಎರಡು" ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಶಿಂಜುಕು ಸ್ಟೇಷನ್ನಿನಲ್ಲಿ ಇನ್ನೂ ಎಚ್ಚರ ಬೇಕು. ಹೊರಹೋಗುವ ದಾರಿಗಳೇ 200ಕ್ಕೂ ಹೆಚ್ಚು, "ಸ್ಟೇಷನ್ ಹತ್ತಿರ ಸಿಗ್ತೀನಿ" ಅಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ಕಂಪನಿಯ ಯಾವ ಗೇಟು, ಒಳಗೋ ಹೊರಗೋ, ಮೂರನ್ನೂ ಹೇಳಬೇಕು. ಪೂರ್ವದಿಂದ ಪಶ್ಚಿಮಕ್ಕೆ ಟಿಕೆಟ್ಟಿಲ್ಲದೆ ದಾಟುವ ದಾರಿ 2020ರಲ್ಲಿ ತೆರೆದದ್ದು ದೊಡ್ಡ ಉಪಕಾರ.

ಮನೆಯಿಂದ ಕೆಟಲ್ ಒಯ್ಯಬೇಡಿ. ಅಲ್ಲಿ 100 ವೋಲ್ಟ್. ನಮ್ಮ 230 ವೋಲ್ಟಿನ 1000 ವ್ಯಾಟ್ ಕೆಟಲ್ ಅಲ್ಲಿ 190 ವ್ಯಾಟಿನಷ್ಟೇ ಕಾಯುತ್ತದೆ, ಒಂದು ಲೀಟರ್ ನೀರು ಅರ್ಧ ಗಂಟೆಗೂ ಕುದಿಯದು. ಫೋನ್ ಚಾರ್ಜರ್ ಮೇಲೆ 100–240 ಎಂದಿದ್ದರೆ ಎರಡು ಚಪ್ಪಟೆ ಕಡ್ಡಿಯ ಅಡಾಪ್ಟರ್ ಸಾಕು.

ಸಸ್ಯಾಹಾರಿಗಳಿಗೆ ಕಾಟ ಕೊಡುವುದು ಮಾಂಸಕ್ಕಿಂತ ದಾಶಿ, ಅಂದರೆ ಒಣಮೀನು ಬಸಿದ ಸಾರು. ತರಕಾರಿ ಉದೋನ್, ಸೋಬಾ ನೂಡಲ್ಸ್, ಮಿಸೊ ಸೂಪ್ ಎಲ್ಲದರಲ್ಲೂ ಸಾಮಾನ್ಯವಾಗಿ ಅದೇ ಇರುತ್ತದೆ. "ನಿಕು ನಾಶಿ" ಅಂದರೆ ಮಾಂಸ ಬೇಡ ಎಂದಷ್ಟೇ ಆಯಿತು, ದಾಶಿ ಬೇಡವೆಂದು ಬೇರೆಯಾಗಿ ಹೇಳಬೇಕು. ಬೆಳಿಗ್ಗೆಗೆ 24 ಗಂಟೆಯ ಅಂಗಡಿಗಳ ಉಪ್ಪಿನಲ್ಲಿಟ್ಟ ಉಮೆ ಹಣ್ಣಿನ ಒನಿಗಿರಿ (ಅನ್ನದ ಉಂಡೆ), ಬಾಳೆಹಣ್ಣು ಕೊಂಡುಕೊಳ್ಳುತ್ತಿದ್ದೆವು. ಅನ್ನ ಸಾರಿನ ಆಸೆ ತಡೆಯದಾದಾಗ ತೊಜಾಯಿ ಲೈನಿನ ನಿಶಿ-ಕಸಾಯಿಗೆ ಹೋದರಾಯಿತು. ಭಾರತೀಯರು ಬಹಳ ಮಂದಿ ನೆಲೆಸಿರುವ ಬಡಾವಣೆ ಅದು.

ಖರ್ಚಿಲ್ಲದ ಸುಖಕ್ಕೆ ಶಿಂಜುಕುವಿನ ಮಹಾನಗರ ಸರ್ಕಾರದ ಕಟ್ಟಡದ 45ನೇ ಮಹಡಿ. 202 ಮೀಟರ್ ಎತ್ತರ, ಪ್ರವೇಶ ಉಚಿತ. ಚಳಿಗಾಲದಲ್ಲಿ ಆಕಾಶ ತಿಳಿಯಾಗಿದ್ದರೆ ಬೆಳಿಗ್ಗೆ ಫುಜಿ ಕಾಣುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸುಖ ಸೆಂತೊ, ಬಡಾವಣೆಯ ಸಾರ್ವಜನಿಕ ಸ್ನಾನದ ಮನೆ. 2024ರಲ್ಲಿ ದೊಡ್ಡವರಿಗೆ 550 ಯೆನ್ ಇತ್ತು. ಒಳಗೆ ಹೋಗುವ ಮುನ್ನ ಪರದೆಯ ಅಕ್ಷರ ಗುರುತಿಸಿ. ಗಂಡಸರದಕ್ಕೆ ಮೇಲೆ ನಾಲ್ಕು ಮನೆಯ ಚೌಕ ಇರುತ್ತದೆ, ಗದ್ದೆ ಬದು ಹಾಕಿದ ಹಾಗೆ. ಹೆಂಗಸರದಕ್ಕೆ ಚೌಕವಿಲ್ಲ, ಕತ್ತರಿಯಂತೆ ಒಂದನ್ನೊಂದು ದಾಟುವ ಗೆರೆಗಳು. ನೀಲಿ, ಕೆಂಪು ಬಣ್ಣ ನಂಬಬೇಡಿ. ಕೆಲವು ಕಡೆ ಎಡ ಬಲ ದಿನ ಬಿಟ್ಟು ದಿನ ಅದಲುಬದಲು ಮಾಡುತ್ತಾರೆ, ಹಾಗಾಗಿ ನಿನ್ನೆಯ ನೆನಪೂ ಆಗದು. ಫೋನ್ ಒಳಗೆ ನಡೆಯದು, ಆದ್ದರಿಂದ "ಎಂಟೂಕಾಲಿಗೆ ಚಪ್ಪಲಿ ಗೂಡಿನ ಹತ್ತಿರ" ಎಂದು ಮೊದಲೇ ಮಾತಾಗಿರಲಿ.

ಬಟ್ಟೆಯೆಲ್ಲ ತೆಗೆದಿಟ್ಟು, ಗಿಡ್ಡ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ, ನೊರೆ ಪೂರ್ತಿ ಹೋಗುವಂತೆ ತೊಳೆದುಕೊಂಡ ಮೇಲೇ ತೊಟ್ಟಿಗೆ ಇಳಿಯಬೇಕು. ಕೂದಲು ಎತ್ತಿ ಕಟ್ಟಿ. ಟವೆಲ್ ನೀರಿಗೆ ತಾಗಬಾರದು, ತಲೆಯ ಮೇಲೆ ಮಡಚಿ ಇಟ್ಟುಕೊಳ್ಳಿ. ನೀರು 42 ಡಿಗ್ರಿಯ ಆಚೀಚೆ. ಮೊದಲ ಸಲ ಐದು ನಿಮಿಷ ಸಾಕು, ಎದ್ದು ಆರಿಸಿಕೊಂಡು ಮತ್ತೆ ಇಳಿಯಿರಿ. ದಿನಕ್ಕೆ ಹದಿನೈದು ಕಿಲೋಮೀಟರ್ ನಡೆದು ಕಲ್ಲಾದ ಮೀನಖಂಡ ಎರಡನೇ ಸಲಕ್ಕೆ ಸಡಿಲವಾಗುತ್ತದೆ. ಹೊರಗೆ ಬಂದರೆ ಫ್ರಿಜ್ಜಿನಲ್ಲಿ ತಣ್ಣನೆಯ ಹಾಲು ಇರುತ್ತದೆ. ಒಂದು ಬಿಳಿ, ಒಂದು ಕಾಫಿ ಹಾಲು ಕೊಂಡರೆ ಇಬ್ಬರೂ ಎರಡರ ರುಚಿಯನ್ನೂ ನೋಡಬಹುದು.