ರಥಸಪ್ತಮಿಯ ಮಾರನೇ ದಿನ ಬಿತ್ತಿದೆ: ನನ್ನ ತಾರಸಿ ತೋಟದ ಅನುಭವ

ಬೆಂಗಳೂರಲ್ಲಿ ತಾರಸಿ ತೋಟ ಅಂದರೆ ಎಲ್ಲರೂ ಜೂನ್ ತಿಂಗಳನ್ನೇ ಹೇಳುತ್ತಾರೆ. ಮಳೆ ಬರಲಿ, ಆಮೇಲೆ ಹಾಕು ಅಂತ. ಫೆಬ್ರವರಿಯಲ್ಲೇ ಬಿತ್ತುತ್ತೇನೆ ಅಂದಾಗ ನನ್ನ ಮನೆಯಲ್ಲೇ ಯಾರೂ ಒಪ್ಪಲಿಲ್ಲ. ಅತ್ತೆ ಮಂಡ್ಯ ಕಡೆಯವರು, ಗದ್ದೆ ತೋಟ ಮಾಡಿದವರು. "ಬಿಸ್ಲು ಬರೋ ಹೊತ್ತಲ್ಲಿ ಯಾರಾದ್ರೂ ತರ್ಕಾರಿ ಹಾಕ್ತಾರಾ ಕಣವ್ವ? ನೀರು ಹೊತ್ತೂ ಹೊತ್ತೂ ಸಾಕಾಗೋಯ್ತದೆ" ಅಂದರು. 2025ರ ಏಪ್ರಿಲ್‌ನಲ್ಲಿ ಅದೇ ಅತ್ತೆ ಮೊರ ಹಿಡಿದು ಮೇಲೆ ಹೋಗಿ ಬೆಂಡೆಕಾಯಿ ಕೊಯ್ದುಕೊಂಡು ಬಂದರು. ಅದಕ್ಕೇ ಬರೀತಿದ್ದೀನಿ.

ಇದು ಮೂರನೇ ವರ್ಷಕ್ಕೆ ಕೈಗೆ ಬಂದದ್ದು. ಮೊದಲೆರಡು ವರ್ಷ ದುಡ್ಡೂ ಹೋಯಿತು, ಬೀಜವೂ ಹೋಯಿತು.

2023ರಲ್ಲಿ ಸಂಕ್ರಾಂತಿಗೂ ಮುಂಚೆ ಅವಸರ ಮಾಡಿದೆ. ಒಂದು ಅಂಗಡಿಯಿಂದ ಮಣ್ಣು ಗೊಬ್ಬರದ ಮಿಕ್ಸ್ ತುಂಬಿದ ಗ್ರೋ ಬ್ಯಾಗ್‌ಗಳನ್ನೇ (ಗಿಡ ಬೆಳೆಸುವ ಚೀಲ) ತರಿಸಿದೆ. 30 ಬ್ಯಾಗು, ಆಟೋ ಬಾಡಿಗೆ ಸೇರಿ 9 ಸಾವಿರದ ಮೇಲಾಯಿತು. ಸುರಿದು ನೋಡಿದರೆ ಮುಕ್ಕಾಲು ಭಾಗ ಬರೀ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಚಳಿಯಲ್ಲಿ ಬೆಂಡೆ ಬೀಜ 40 ಊರಿದ್ದೆ, ಮೇಲೆ ಬಂದದ್ದು ಹತ್ತೋ ಹನ್ನೊಂದೋ. ಉಳಿದವು ಮಣ್ಣಲ್ಲೇ ಕೊಳೆತವು. ಟೊಮ್ಯಾಟೋ 12 ಗಿಡ ಚೆನ್ನಾಗಿ ಬೆಳೆದು, ಮಾರ್ಚ್‌ನಲ್ಲಿ ಬಿಳಿ ನೊಣ ಬಿದ್ದು ಎಲೆ ಮುದುರಿಕೊಂಡವು. ಎಲ್ಲಾ ಕಿತ್ತು ಹಾಕಿದೆ. ಈ ಸೀಸನ್‌ಗೆ ನಾನು ಟೊಮ್ಯಾಟೋ ಮುಟ್ಟುವುದೇ ಇಲ್ಲ.

2024 ಇನ್ನೂ ಕಷ್ಟ. ಹಿಂದಿನ ವರ್ಷದ ಭಯಕ್ಕೆ ತಡ ಮಾಡಿ, ಮಾರ್ಚ್ ಮೊದಲ ವಾರ ಬಿತ್ತಿದೆ. ಆಗಲೇ ನಗರದಲ್ಲಿ ನೀರಿನ ಬರ. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ದಂಡ ಅಂತ ಜಲಮಂಡಳಿ ಆದೇಶವೂ ಬಂತು. ನಮ್ಮ ಬೋರ್‌ವೆಲ್ ದಿನಕ್ಕೆ ಅರ್ಧ ಗಂಟೆ ಓಡಿದರೆ ಹೆಚ್ಚು. ವಾಟರ್ ಫಿಲ್ಟರ್‌ನಿಂದ ಹೊರಗೆ ಹೋಗುವ ನೀರು ಸುಮ್ನೆ ಹಾಳಾಗುತ್ತಲ್ಲ ಅಂತ ಅದನ್ನೇ ಹಿಡಿದು ಹಾಕಿದೆ. ಮೂರೇ ವಾರಕ್ಕೆ ಸೌತೆ ಎಲೆಯ ಅಂಚು ಸುಟ್ಟ ಹಾಗೆ ಆಯಿತು, ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟಿತು. ಒಂದು ಸೌತೆಕಾಯಿ ಕೂಡ ಸಿಗಲಿಲ್ಲ. ಆ ನೀರು ನೆಲ ಒರೆಸಲಿಕ್ಕೆ ಸರಿ, ಬ್ಯಾಗಿನ ಗಿಡಕ್ಕೆ ಬೇಡವೇ ಬೇಡ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ದಿನಕ್ಕೆ ಎರಡು ಬಕೆಟ್ ಆಗುತ್ತೆ. ಈಗ ಬಹುಪಾಲು ಅದರಲ್ಲೇ ನಡೆಯುತ್ತಿದೆ.

ಎರಡು ವರ್ಷದ ಏಟಿನಿಂದ ಒಂದು ವಿಷಯ ಗೊತ್ತಾಯಿತು. ಜನವರಿ ಚಳಿಯಲ್ಲಿ ಬೀಜ ಏಳಲ್ಲ, ಮಾರ್ಚ್ ಬಿಸಿಲಲ್ಲಿ ಬೇರು ಇಳಿಯಲ್ಲ. ನಡುವೆ ಎರಡು ಮೂರು ವಾರ ಮಾತ್ರ ಸರಿಯಾದ ಹೊತ್ತು. 2025ರಲ್ಲಿ ರಥಸಪ್ತಮಿ ಫೆಬ್ರವರಿ 4ಕ್ಕೆ ಬಂದಿತ್ತು. ಮಾರನೇ ದಿನ ಬೆಳಿಗ್ಗೆ ಬಿತ್ತಿದೆ. ಹಬ್ಬದ ತಾರೀಕು ವರ್ಷ ವರ್ಷ ಹಿಂದೆ ಮುಂದೆ ಆಗುತ್ತೆ, ಹಾಗಾಗಿ ಅದೊಂದನ್ನೇ ನಂಬಬೇಡಿ. ರಾತ್ರಿ ದಪ್ಪ ಕಂಬಳಿ ಬೇಡ ಅನ್ನಿಸಿದರೆ ಬೆಂಡೆಗೆ ಹೊತ್ತಾಯಿತು ಅಂತ ನನ್ನ ಲೆಕ್ಕ.

ಬೆಂಡೆ ಬೀಜ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ. ಹಳದಿ ನಂಜು ರೋಗ ತಡೆಯುವ ತಳಿ, ಹೈಬ್ರಿಡ್ ಅಲ್ಲ, ಬೀಜ ನಾವೇ ಎತ್ತಿಟ್ಟುಕೊಳ್ಳಬಹುದು. ರಾತ್ರಿಯಿಡೀ ನೆನೆಸಿ ಊರಿದೆ. ನೆನೆಸುವ ನೀರಿಗೆ ಅಡುಗೆಮನೆಯದೇ ಒಂದು ಪದಾರ್ಥ ಹಾಕುತ್ತೇನೆ, ಅದನ್ನು ಇಲ್ಲಿ ಬರೆಯಲ್ಲ. 30ಕ್ಕೆ 27 ಬಂದವು ಅಂತ ಮಾತ್ರ ಹೇಳ್ತೀನಿ. ಹಳೇ ಮಿಕ್ಸ್‌ಗೆ ಕೆಂಪು ಮಣ್ಣು ಜಾಸ್ತಿ ಸೇರಿಸಿ, ಎರೆಗೊಬ್ಬರ, ಬೇವಿನ ಹಿಂಡಿ ಹಾಕಿ ಕಲಸಿದೆ. ಬೆಂಡೆ, ಗೋರಿಕಾಯಿ ಬ್ಯಾಗಲ್ಲಿ. ಹೀರೆ ನಾಲ್ಕು ಬಳ್ಳಿ, ಅರ್ಧಕ್ಕೆ ಕೊಯ್ಸಿದ ನೀಲಿ ಡ್ರಮ್ಮಲ್ಲಿ.

ಎಲ್ಲಕ್ಕಿಂತ ಕೆಲಸ ಮಾಡಿದ್ದು ಹೊಂಗೆ ತರಗೆಲೆ. ನಾವು ಬಿತ್ತುವ ಹೊತ್ತಿಗೇ ನಮ್ಮ ರಸ್ತೆಯ ಹೊಂಗೆ ಮರಗಳು ಎಲೆ ಉದುರಿಸುತ್ತವೆ. ಗುಡಿಸುವ ಅಮ್ಮನಿಗೆ ಹೇಳಿಟ್ಟಿದ್ದೆ, ಎಂಟು ಚೀಲ ತುಂಬಿ ಕೊಟ್ಟರು. ಕಾಂಡಕ್ಕೆ ತಾಗದ ಹಾಗೆ ನಾಲ್ಕು ಬೆರಳು ದಪ್ಪಕ್ಕೆ ಹೊದಿಸಿದೆ. ಬೇಕಂತಲೇ ಒಂದು ಬ್ಯಾಗನ್ನು ಹಾಗೇ ಬರಿದಾಗಿ ಬಿಟ್ಟಿದ್ದೆ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಎರಡು ಗಂಟೆಗೆ, ತಾರಸಿ ಮೇಲೆ ಕಾಲಿಡಕ್ಕಾಗದ ಬಿಸಿಲಲ್ಲಿ, ಹೋಗಿ ನೋಡಿದೆ. ಎಲೆ ಹೊದಿಸದ ಬ್ಯಾಗಿನ ಮಣ್ಣು ಸುತ್ತ ಅಂಚು ಬಿಟ್ಟುಕೊಂಡು ಹೆಂಟೆಯಾಗಿತ್ತು. ಪಕ್ಕದ್ದರಲ್ಲಿ ಎಲೆ ಸರಿಸಿ ಬೆರಳು ಇಳಿಸಿದರೆ ಎರಡನೇ ಗೆಣ್ಣಿನವರೆಗೂ ತಣ್ಣಗೆ, ಮಣ್ಣು ಬೆರಳಿಗೆ ಮೆತ್ತಿಕೊಂಡಿತು. ಎರಡಕ್ಕೂ ಹಾಕಿದ್ದು ಅಷ್ಟೇ ನೀರು, ಬೆಳಿಗ್ಗೆ ಒಂದೇ ಸಲ. ಮಾರ್ಚ್ ಮಧ್ಯದಿಂದ ಪಡುವಣ ಕಡೆ ಮಾತ್ರ ಹಸಿರು ನೆಟ್ ಕಟ್ಟಿದ್ದೆ.

ಹೀರೆಯದು ಬೇರೆ ಕಥೆ. ಮೊದಲ ವರ್ಷ ಹೀಚು ಎಲ್ಲಾ ಹಳದಿಯಾಗಿ ಉದುರಿದವು. ಬೆಳಿಗ್ಗೆ ಏಳಕ್ಕೆ ಹೋಗಿ ಹೂ ಮುಟ್ಟಿಸುತ್ತಿದ್ದೆ. ಅದೇ ತಪ್ಪು. ಹೀರೆ ಹೂ ಅರಳುವುದು ಸಂಜೆ, ದೀಪ ಹಚ್ಚುವ ಹೊತ್ತಿಗೆ. ಬೆಳಿಗ್ಗೆಗೆ ಅದರ ಕೆಲಸ ಮುಗಿದಿರುತ್ತೆ. ಈಗ ಸಂಜೆ ಆರಕ್ಕೆ ಹೋಗಿ ಗಂಡು ಹೂವಿನ ದಳ ಬಿಡಿಸಿ, ಹಿಂದೆ ಹೀಚು ಇರುವ ಹೆಣ್ಣು ಹೂವಿಗೆ ಮೆಲ್ಲಗೆ ಸವರುತ್ತೇನೆ. ಅರಿಶಿನದಂಥ ಪುಡಿ ಅಂಟಿದ್ದು ಕಣ್ಣಿಗೆ ಕಾಣುತ್ತೆ. ಮೂರು ದಿನಕ್ಕೆ ಹೀಚು ಕೆಳಗೆ ಬಾಗಿದರೆ ಕಾಯಿ ಕಟ್ಟಿತು ಅಂತ ಅರ್ಥ.

ಈ ನಡುವೆ ಒಂದು ಡ್ರಮ್ಮಲ್ಲಿ ಸಣ್ಣ ಮಣ್ಣಿನ ಕುಡಿಕೆ ಹೂತು ನೀರು ತುಂಬಿ ನೋಡಿದೆ. ಚೆನ್ನಾಗಿ ಕೆಲಸ ಮಾಡಿತು, ನಾಲ್ಕು ದಿನ ಊರಿಗೆ ಹೋಗಿ ಬಂದರೂ ಬಳ್ಳಿ ಬಾಡಿರಲಿಲ್ಲ. ಬ್ಯಾಗಲ್ಲಿ ಮಾತ್ರ ಅದಕ್ಕೆ ಜಾಗ ಸಾಲದು. ಹೀರೆ ಚಪ್ಪರದ ನೆರಳಲ್ಲಿ ಬೀನ್ಸ್ ಹಾಕಿದ್ದೆ. ಹೂ ತುಂಬ ಬಂತು, ಸೆಖೆಗೆ ಎಲ್ಲಾ ಉದುರಿತು. ಕಡ್ಲೆಕಾಯಿ ಹಿಂಡಿ ಮೂರು ದಿನ ನೆನೆಸಿ, ಒಂದಕ್ಕೆ ಹತ್ತು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಕೊಡುತ್ತೇನೆ. ಅದಕ್ಕೂ ಇನ್ನೊಂದು ಸೇರಿಸುತ್ತೇನೆ, ಮತ್ತೊಂದು ಸೀಸನ್ ನೋಡಿ ಹೇಳ್ತೀನಿ.

ಹರಿವೆ ಸೊಪ್ಪು ತಿಂಗಳೊಳಗೇ ಸಾರಿಗೆ ಬಂತು. ಯುಗಾದಿ ದಿನ ಎಲೆ ಮೇಲೆ ನಮ್ಮದೇ ಬೆಂಡೆಕಾಯಿ ಗೊಜ್ಜು. ಮೇ ಅರ್ಧದವರೆಗೆ ಬೆಂಡೆ 9 ಕಿಲೋ, ಹೀರೆ ಎಂಟೋ ಒಂಬತ್ತೋ ಕಿಲೋ, ಗೋರಿಕಾಯಿ 3 ಕಿಲೋ ಇರಬೇಕು. ಸೊಪ್ಪು ತೂಗಲಿಲ್ಲ. 2025ರಲ್ಲಿ ಡ್ರಮ್, ನೆಟ್, ಹಿಂಡಿ, ಬೀಜ ಎಲ್ಲಾ ಸೇರಿ ಸುಮಾರು 4,500 ಖರ್ಚು. ತರಕಾರಿ ಲೆಕ್ಕ ಹಾಕಿದರೆ ಒಂದೂವರೆ ಸಾವಿರದ ಆಸುಪಾಸು. ಡ್ರಮ್ಮೂ ನೆಟ್ಟೂ ಇನ್ನು ನಾಲ್ಕು ವರ್ಷ ಬರುತ್ತವೆ, ಮುಂದಿನ ಸಲ ಬೀಜದ ಖರ್ಚೂ ಇಲ್ಲ. ಮೊದಲ ವರ್ಷ 9 ಸಾವಿರ ಕೊಟ್ಟು ಎರಡು ಹಿಡಿ ಬೆಂಡೆಕಾಯಿ ತಿಂದವಳಿಗೆ ಇದು ದೊಡ್ಡದೇ ಅಲ್ವಾ?

ಒಳ್ಳೆ ಗಿಡ ನೋಡಿ ಆರು ಕಾಯಿಗೆ ಕೆಂಪು ದಾರ ಕಟ್ಟಿ ಬಲಿಯಲು ಬಿಟ್ಟಿದ್ದೆ. ಒಣಗಿ ಸಿಡಿಯುವ ಮುಂಚೆ ಬಿಡಿಸಿ, ಬೂದಿ ಬೆರೆಸಿ ಡಬ್ಬಿಗೆ ಹಾಕುತ್ತಿದ್ದಾಗ ಅತ್ತೆ ಪಕ್ಕದಲ್ಲಿ ಬಂದು ಕೂತರು. "ಅರ್ಧ ನಂಗೆ ಕಟ್ಟಿಕೊಡವ್ವ, ಊರಲ್ಲಿ ತಮ್ಮನ ಹಿತ್ಲಿಗೆ ಹಾಕ್ಸ್ತೀನಿ" ಅಂದರು. ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಪೊಟ್ಟಣ ಕಟ್ಟಿ ಕೊಟ್ಟೆ.