ಸೈಟ್ ಡೈರಿ ಓದಿ ಸಿಸಿಎಂ ಪಾಸಾದೆ

ಸಿಸಿಎಂ ಅಂದರೆ ಸರ್ಟಿಫೈಡ್ ಕನ್‌ಸ್ಟ್ರಕ್ಷನ್ ಮ್ಯಾನೇಜರ್, ಕಟ್ಟಡ ಕೆಲಸ ನಡೆಸುವವರಿಗೆ ಕೊಡುವ ಸರ್ಟಿಫಿಕೇಟ್. ಇಂಗ್ಲಿಷ್‌ನಲ್ಲಿ ಬರೆಯುವ ಅದರ ಪರೀಕ್ಷೆಗೆ ಕನ್ನಡದಲ್ಲಿ ಓದ್ತೀಯಾ ಅಂತ ಸೈಟಿನಲ್ಲಿ ಎಲ್ಲರೂ ಕೇಳಿದ್ದರು. ಹೌದು, ಹಾಗೇ ಓದಿದೆ. ಎರಡನೇ ಸಲಕ್ಕೆ ಪಾಸಾದೆ. ಸುಮ್ನೆ ದುಡ್ಡಿಗೆ ಕೊಡುವ ಕಾಗದ ಅಂದವರಿಗೂ ಒಂದು ಮಾತು. ಇದರ ಹಿಂದಿರುವ ಸಿಎಂಎಎ, ಅಂದರೆ ಅಮೆರಿಕದ ಕನ್‌ಸ್ಟ್ರಕ್ಷನ್ ಮ್ಯಾನೇಜರ್‌ಗಳ ಸಂಘ, 1982ರದ್ದು. ಸಿಸಿಎಂಗೆ 2006ರಲ್ಲೇ ಅಮೆರಿಕದ ಮಾನದಂಡ ಸಂಸ್ಥೆ ಆನ್ಸಿಯ ಮಾನ್ಯತೆ ಸಿಕ್ಕಿದೆ.

ನನ್ನ ಮೊದಲ ಅರ್ಜಿಯೇ ವಾಪಸ್ ಬಂದಿತ್ತು. 48 ತಿಂಗಳು ಜವಾಬ್ದಾರಿ ಹೊತ್ತು ಕೆಲಸ ನಡೆಸಿದ್ದನ್ನು ತೋರಿಸಬೇಕು, ಗೊತ್ತಲ್ವಾ? ನಾನು ಎಷ್ಟು ಸ್ಲ್ಯಾಬ್ ಹಾಕಿಸಿದೆ, ಎಷ್ಟು ಟನ್ ಕಬ್ಬಿಣ ಕಟ್ಟಿಸಿದೆ ಅಂತ ಬರೆದಿದ್ದೆ. ಅವರಿಗೆ ಬೇಕಿದ್ದದ್ದು ಖರ್ಚು, ಸಮಯ, ಕ್ವಾಲಿಟಿ, ಕಾಂಟ್ರ್ಯಾಕ್ಟ್, ಸೇಫ್ಟಿ ಇವುಗಳಲ್ಲಿ ತೀರ್ಮಾನ ಯಾರದ್ದು ಅನ್ನುವುದು. ಅದನ್ನು ಸರಿಮಾಡಿ ಪರೀಕ್ಷೆಗೆ ಕೂತೆ. ಪುಸ್ತಕ ಉರು ಹೊಡೆದಿದ್ದೆ. ಫೇಲ್. ಎಲ್ಲ ಸೇರಿ ಲಕ್ಷದ ಹತ್ತಿರ ಖರ್ಚಾಯಿತು. ಅದರಲ್ಲಿ ಕೋಚಿಂಗಿನ 30 ಸಾವಿರ ಪೂರ್ತಿ ದಂಡ.

ಆಮೇಲೆ ಅಟ್ಟದಿಂದ ಹಳೇ ಸೈಟ್ ಡೈರಿಗಳನ್ನು, ಅಂದರೆ ಸೈಟಿನಲ್ಲಿ ದಿನಾ ನಡೆದದ್ದನ್ನು ಬರೆದಿಟ್ಟ ಪುಸ್ತಕಗಳನ್ನು, ಇಳಿಸಿದೆ. ಒಂದು ಪುಟಕ್ಕೆ ಸಿಮೆಂಟ್ ಹಾಲು ಬಿದ್ದು ಅರ್ಧ ಅಕ್ಷರ ಅಳಿಸಿತ್ತು. ‘ಲಿಫ್ಟ್ ಗುಂಡಿ ಒಂದಡಿ ಸರಿಸಲು ಕ್ಲೈಂಟ್ ಎಂಜಿನಿಯರ್ ಬಾಯಲ್ಲಿ ಹೇಳಿದರು.’ ಅಷ್ಟೇ. ಬರವಣಿಗೆಯಲ್ಲಿ ಏನೂ ಇಲ್ಲ. ನಾವು ಸರಿಸಿದೆವು. ಆ ಹೆಚ್ಚುವರಿ ಕೆಲಸಕ್ಕೆ ಹಾಕಿದ ಎಕ್ಸ್‌ಟ್ರಾ ಐಟಂ ಬಿಲ್ ಪಾಸಾಗಲಿಲ್ಲ. ಸುಮಾರು ಮೂರೂವರೆ ಲಕ್ಷ ಮುಳುಗಿತು.

ಆ ಪುಟ ಮುಂದಿಟ್ಟುಕೊಂಡು ಚೇಂಜ್ ಆರ್ಡರ್, ಅಂದರೆ ಒಪ್ಪಿದ ಕೆಲಸ ಬದಲಾದಾಗ ಬರವಣಿಗೆಯಲ್ಲಿ ಪಡೆಯುವ ಆದೇಶದ ಪಾಠವನ್ನು, ಮೇಸ್ತ್ರಿಗೆ ಹೇಳುವ ಹಾಗೆ ನನ್ನ ದನಿಯಲ್ಲೇ ರೆಕಾರ್ಡ್ ಮಾಡಿದೆ. ಇಂಥವು ಒಂದು ಅರವತ್ತು ಆದವು. ಕಾಡುಗೋಡಿಯಿಂದ ವಿಜಯನಗರದವರೆಗೆ ಮೆಟ್ರೋದಲ್ಲಿ ದಿನಾ ಕೇಳಿದೆ. ಪರೀಕ್ಷೆಯಲ್ಲಿ ‘ಮೊದಲು ಏನು ಮಾಡಬೇಕು’ ಅಂತ ಕೇಳಿ ನಾಲ್ಕೂ ಸರಿ ಅನ್ನಿಸುವ ಉತ್ತರ ಕೊಡ್ತಾರಲ್ಲ, ಅಲ್ಲಿ ಈ ಪುಟಗಳೇ ಕಣ್ಣೆದುರು ಬಂದವು. ಯಾವ ಪುಟಕ್ಕೆ ಯಾವ ಪಾಠ ಅಂತ ಜೋಡಿಸಿದ ಪಟ್ಟಿಯನ್ನು ಮಾತ್ರ ಇಲ್ಲಿ ಕೊಡುವುದಿಲ್ಲ. ಅದಕ್ಕೆ ಆರು ತಿಂಗಳ ಭಾನುವಾರಗಳು ಹೋಗಿವೆ.

ಇದರ ನಡುವೆ ಮೇಸ್ತ್ರಿಗಳಿಂದಲೂ ವಾಯ್ಸ್ ನೋಟ್ ಡೈರಿ ಮಾಡಿಸಿ ನೋಡಿದೆ. ಎರಡು ತಿಂಗಳಿಗೆ ಎಲ್ಲರೂ ಬಿಟ್ಟರು. ಒಬ್ಬರು ಮಾತ್ರ ಈಗಲೂ ರಾತ್ರಿ ಕಾಂಕ್ರೀಟ್ ಲಾರಿ ಗೇಟಿಗೆ ಬಂದ ಹೊತ್ತನ್ನು ಹೇಳಿ ಕಳಿಸುತ್ತಾರೆ. ಕೆಲಸ ತಡವಾದಾಗ ಅದು ತುಂಬಾ ಉಪಯೋಗಕ್ಕೆ ಬಂತು.

ಮೊನ್ನೆ ಇಬ್ಬರು ಜೂನಿಯರ್‌ಗಳು ತಮ್ಮ ಡೈರಿ ಹಿಡಿದು ಮನೆಗೆ ಬಂದಿದ್ದರು. ಒಬ್ಬನದ್ದರಲ್ಲಿ ಬರೀ ಕೂಲಿಯವರ ಹಾಜರಿ ಇತ್ತು. ಒಂದು ವರ್ಷ ಸರಿಯಾಗಿ ಬರೆದು ತಗೊಂಡು ಬಾ ಅಂತ ಕಳಿಸಿದೆ.