ಎಣಿಕೆಯ ದಿನ ಅಮ್ಮನ ಮಾತ್ರೆ

2023ರ ಮೇ 13ಕ್ಕೆ ನಾನು ರಜೆ ಹಾಕಿದ್ದೆ. ವಿಧಾನಸಭೆಯ ಮತ ಎಣಿಕೆ. ಬೆಳಿಗ್ಗೆ ಎಂಟಕ್ಕೆ ಟಿವಿ ಮುಂದೆ ಕೂತವನು ಏಳಲೇ ಇಲ್ಲ. ಕಾಗದದಲ್ಲಿ ಗೆರೆ ಎಳೆದು ಲೆಕ್ಕ ಬರೆಯುತ್ತಿದ್ದೆ, 224ರಲ್ಲಿ 113 ಆಗಬೇಕು. ಬಿಪಿ ಮಾತ್ರೆ ಮುಗಿದಿದೆ ಮಗಾ ಅಂತ ಅಮ್ಮ ಎರಡು ಸಲ ಬಂದು ಹೇಳಿದರಂತೆ. ನನಗೆ ಕೇಳಿಸಲಿಲ್ಲ. ಮಧ್ಯಾಹ್ನ ನಾನೇ ಗೆದ್ದವನ ಹಾಗೆ ಫೋನಿನಲ್ಲಿ ಕೂಗಾಡುತ್ತಿದ್ದಾಗ ಅಮ್ಮ ಕೊಡೆ ಹಿಡಿದು, ಆ ಬಿಸಿಲಿನಲ್ಲಿ ಮೆಡಿಕಲ್‌ಗೆ ನಡೆದು ಹೋಗಿದ್ದರು.

ಇಷ್ಟು ಹುಚ್ಚು ಹಿಡಿಯಲು ಕಾರಣ ಇತ್ತು. 2008ರ ಸೆಪ್ಟೆಂಬರಿನಲ್ಲಿ ನಮ್ಮ ಮಂಗಳೂರಿನಲ್ಲಿ ಚರ್ಚುಗಳ ಮೇಲೆ ದಾಳಿ ಆದಾಗ ನಾನು ಕಾಲೇಜಿನಲ್ಲಿದ್ದೆ. 2022ರಲ್ಲಿ ಮತಾಂತರ ತಡೆಯುವ ಕಾಯ್ದೆ ಬಂತು. ಮನೆಯಲ್ಲಿ ನಾಲ್ಕು ಜನ ಸೇರಿ ಪ್ರಾರ್ಥನೆ ಮಾಡುವಾಗಲೂ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದೆ. ಸರ್ಕಾರ ಬದಲಾದರೆ ಎಲ್ಲ ಸರಿ ಹೋಗುತ್ತದೆ ಅಂತ ನಂಬಿದ್ದೆ. ಬದಲಾಯಿತು. ಜೂನಿನಲ್ಲಿ ಸಂಪುಟ ಆ ಕಾಯ್ದೆ ವಾಪಸ್ ಪಡೆಯುವ ತೀರ್ಮಾನವನ್ನೂ ಮಾಡಿತು. ನನ್ನ ಭಯ ಮಾತ್ರ ವಾಪಸ್ ಹೋಗಲಿಲ್ಲ, ಆಗಲೇ 2024ರ ಲೋಕಸಭೆಯ ಲೆಕ್ಕ ಶುರು ಮಾಡಿದ್ದೆ.

ಆ ಡಿಸೆಂಬರಿನಲ್ಲಿ ಒಂದು ಭಾನುವಾರ ಚರ್ಚಿನಲ್ಲಿ ಬೈಬಲಿನ ಪಾಠ ಓದುವ ಸರದಿ ನನ್ನದು. ಲೂಕ ಮೂರನೇ ಅಧ್ಯಾಯ. ಶುರುವಿನಲ್ಲೇ ಸಾಲಾಗಿ ಏಳು ದೊಡ್ಡ ಹೆಸರು: ತಿಬೇರಿಯ, ಪಿಲಾತ, ಹೆರೋದ, ಫಿಲಿಪ್ಪ, ಲುಸನ್ಯ, ಅನ್ನ, ಕಾಯಫ. ನಾಲಿಗೆ ತೊಡರಿತು. ಇಷ್ಟು ಜನರ ಪದವಿ, ಪ್ರಾಂತ್ಯ ಎಲ್ಲ ಹೇಳಿ ಮುಗಿಸಿದ ಮೇಲೆ, ದೇವರ ವಾಕ್ಯ ಬಂದದ್ದು ಅಡವಿಯಲ್ಲಿದ್ದ ಯೋಹಾನನಿಗೆ ಅಂತ ಬರುತ್ತದೆ. ಏಳರಲ್ಲಿ ಒಬ್ಬನಿಗೂ ಅಲ್ಲ! ಎಷ್ಟೋ ಸಲ ಓದಿದ ಮಾತು, ಅವತ್ತು ಮೈಕಿನ ಮುಂದೆ ಸುಮ್ನೆ ನಿಂತುಬಿಟ್ಟೆ. ಸಾಲು ತಪ್ಪಿತೇನೋ ಅಂತ ನಮ್ಮ ಚರ್ಚಿನ ಪಾದ್ರಿ ತಿರುಗಿ ನೋಡಿದರು.

ಆಮೇಲೆ ಮಾಡಿದ್ದು ಸಣ್ಣ ಕೆಲಸಗಳು. ರಾತ್ರಿ ಫೋನನ್ನು ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ ಇಡುವುದು, ಬೆಳಿಗ್ಗೆ ಬೈಬಲಿನ ಒಂದು ಕೀರ್ತನೆ ಓದದೆ ಅದನ್ನು ಮುಟ್ಟದಿರುವುದು. ಪ್ರಭುಗಳನ್ನು ನೆಚ್ಚಬೇಡಿ ಅನ್ನುವ 146ನೇ ಕೀರ್ತನೆಯಲ್ಲೇ ಎರಡು ವಾರ ಕಳೆದೆ. ಕಷ್ಟ ಆಗಿದ್ದು ಬೇರೆ. ಅರಸರಿಗಾಗಿ ಪ್ರಾರ್ಥಿಸಿ ಅಂತ ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಪತ್ರದಲ್ಲಿದೆ. ನನಗೆ ಕಂಡರಾಗದ ಒಬ್ಬ ನಾಯಕರ ಹೆಸರು ಹಿಡಿದು ಶುರು ಮಾಡಿದೆ. ಮೊದಲ ವಾರ ಅವರು ಸೋಲಲಿ ಅಂತಲೇ ಬೇಡಿಕೊಂಡೆ, ನಿಜ. ಒಂದು ತಿಂಗಳಾದ ಮೇಲೆ ಅವರಿಗೂ ಬಿಪಿ ಅಂತ ಯಾರೋ ಹೇಳಿದರು. ಅವತ್ತು ಮೊದಲ ಸಲ ಪ್ರಾರ್ಥನೆ ಪ್ರಾರ್ಥನೆಯ ಹಾಗೆ ಬಂತು.

ಅಮ್ಮ ಇದಕ್ಕೆಲ್ಲ ನಗುತ್ತಾರೆ. ಅವರ ಅಜ್ಜ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿದ್ದವರು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟಿತು, ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು. "ಪಾದ್ರಿಗಳೇ ಹೋದರು, ಚರ್ಚಿನ ಸಭೆ ಹೋಯಿತಾ?" ಅಂತ ಕೇಳುತ್ತಾರೆ. ನನ್ನಲ್ಲಿ ಉತ್ತರ ಇಲ್ಲ.

ಹಾಗಂತ ಚರ್ಚಿನ ಜನರನ್ನು ನೆಚ್ಚಿಕೊಂಡಿದ್ದೇನೆ ಅಂದುಕೊಳ್ಳಬೇಡಿ, ನಮ್ಮ ಸಭೆಯ ಕಮಿಟಿ ಚುನಾವಣೆ ನೋಡಿದರೆ ವಿಧಾನಸಭೆಯೇ ವಾಸಿ ಅನ್ನಿಸುತ್ತದೆ. ಓಟು ಹಾಕುವುದನ್ನೂ ಬಿಟ್ಟಿಲ್ಲ. ನೀವಿರುವ ಪಟ್ಟಣದ ಕ್ಷೇಮ ನೋಡಿ ಅಂತ ಪ್ರವಾದಿ ಯೆರೆಮೀಯ ಬಾಬೆಲಿಗೆ ಸೆರೆಹೋದವರಿಗೇ ಬರೆದಿದ್ದ, ನಾನು ನಮ್ಮ ರಸ್ತೆಯ ಚರಂಡಿಗೆ ಮೂರು ಅರ್ಜಿ ಕೊಟ್ಟಿದ್ದೇನೆ. ಇನ್ನೂ ಆಗಿಲ್ಲ.

2024ರ ಜೂನ್ 4, ಮಂಗಳವಾರ. ಅಮ್ಮನ ಬಿಪಿ ಚೆಕ್ ಮಾಡಿಸಲು ಕ್ಲಿನಿಕ್ಕಿಗೆ ಹೋಗಿದ್ದೆವು. ನಮ್ಮದು 23ನೇ ಟೋಕನ್. ಗೋಡೆಯ ಮೇಲೆ ಟಿವಿ, ಅದರಲ್ಲಿ ಎಣಿಕೆ. ನಾಲ್ಕೈದು ಸಲ ಕತ್ತೆತ್ತಿ ನೋಡಿದೆ, ಸುಳ್ಳು ಯಾಕೆ ಹೇಳಲಿ. ಕೊನೆಗೆ ಅಮ್ಮನೇ ಕೇಳಿದರು, "ನಿನ್ನವರಿಗೆ ಎಷ್ಟಾಯಿತು ಮಗಾ?"

ಅಷ್ಟರಲ್ಲಿ ನಮ್ಮ ಟೋಕನ್ ಕರೆದರು.